ಬಾಡಿಗೆ ಇಲ್ಲದ ಊರು

ಮನೆ ಖಾಲಿ ಮಾಡಿ ಎಂದು ಹೇಳಲು ಮಾಲೀಕನ ಮಗ ಬಂದಾಗ ಗ್ರಿಸೆಲ್ದಾ ಒಬ್ಬ ಹೆಂಗಸಿನ ತಲೆಗೆ ಬಣ್ಣ ಹಚ್ಚುತ್ತಿದ್ದಳು. ಹುಡುಗ ಓದಿದವನು, ಮರ್ಯಾದಸ್ಥ. ಬಾಗಿಲಲ್ಲೇ ನಿಂತು, ಕಟ್ಟಡವನ್ನು ಪೂರ್ತಿ ರಿಪೇರಿ ಮಾಡಿಸಿ ಹೊರದೇಶದಿಂದ ಬರುವವರಿಗೆ ದಿನದ ಲೆಕ್ಕದಲ್ಲಿ ಕೊಡುವುದಾಗಿ ವಿನಯದಿಂದ ವಿವರಿಸಿದ. ಮೆಕ್ಸಿಕೊ ನಗರ ಈಗ ಇಡೀ ಜಗತ್ತಿಗೇ ಬೇಕಾಗಿದೆ ಎಂದೂ ಹೇಳಿದ. ಅದಕ್ಕೆ ಅವಳೂ ಹೆಮ್ಮೆಪಡಬೇಕು ಎನ್ನುವಂತಿತ್ತು ಅವನ ಧಾಟಿ.

"ನಿಮ್ಮಪ್ಪನ ತಲೇಲಿ ಕೂದಲಿದ್ದ ಕಾಲದಿಂದ ಇಲ್ಲಿದೀನಿ ಮರಿ," ಎಂದಳು ಗ್ರಿಸೆಲ್ದಾ, ಬ್ರಷ್ಷು ನಿಲ್ಲಿಸದೆ. "ಅವನು ಬೋಳಾಗಿದ್ದು ನನ್ನ ಕಣ್ಣೆದುರಿಗೇ. ಉಳಿದ ನಾಲ್ಕು ಕೂದಲನ್ನ ಆ ಕಿವಿಯಿಂದ ಈ ಕಿವಿಗೆ ಬಾಚಿ ಕೂರಿಸಿ ಅವನ ಮಾನ ಕಾಪಾಡಿದವಳು ನಾನು. ಅದಕ್ಕೆ ಇದಾ ಉಡುಗೊರೆ?"

ಗಿರಾಕಿ ನಕ್ಕಳು. ಹುಡುಗ ನಗಲಿಲ್ಲ. ವರ್ಷ ಮುಗಿಯುವುದರೊಳಗೆ ಹಿಂದಿನ ಎರಡು ಕೋಣೆಯ ಮನೆಯೂ ಹೋಗುತ್ತದೆ, ಬೀದಿ ಕಡೆಯ ಪಾರ್ಲರೂ ಹೋಗುತ್ತದೆ ಎನ್ನುವುದು ಅಂದಿಗೆ ಖಚಿತವಾಯಿತು.

ನಾರ್ವಾರ್ತೆ ಬಡಾವಣೆಯಲ್ಲಿ ಬೇರೆ ಮನೆ ಹುಡುಕುವ ಮಾತೇ ಇರಲಿಲ್ಲ. ಅವಳ ಕಾಲದಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಅಂಗಡಿಗಳಲ್ಲಿ ಈಗ ಓಟ್ಸಿನ ಹಾಲಿನ ಕಾಫಿ ಮಾರುತ್ತಿದ್ದರು. ಉಳಿದದ್ದು ಎರಡೇ ದಾರಿ. ಒಂದು, ನಗರದ ಹೊರಗೆ ಎಕಾತೆಪೆಕ್‌ನಲ್ಲಿ ತಂಗಿ ಯೊಲಾಂಡಾಳ ಮನೆಯ ಹಿಂಬದಿಯ ಕೋಣೆ. ಅಲ್ಲಿ ನೀರು ಟ್ಯಾಂಕರಿನಲ್ಲಿ ಬರುತ್ತದೆ, ಬಂದಾಗ ಬರುತ್ತದೆ. ತಂಗಿಯ ಅಳಿಯ ಸಂಜೆಯಾದರೆ ಬೀದಿಗೆಲ್ಲ ಕೇಳುವ ಹಾಗೆ ಹಾಡು ಹಾಕುತ್ತಾನೆ. ಇನ್ನೊಂದು, ಗಂಡ ಫಿಲೆಮೋನ್ ಹುಟ್ಟಿದ ಊರು ಸಾನ್ ಪಾಂತಾಲೆಯೋನ್. ಅದು ಓಹಾಕಾದ ಬೆಟ್ಟಗಳ ನಡುವೆ ಎಲ್ಲೋ ಇತ್ತು. ಎಲ್ಲಿ ಎಂದು ಗ್ರಿಸೆಲ್ದಾ ಮದುವೆಯಾದ ಮೇಲೂ ಕೇಳಿರಲಿಲ್ಲ.

ಫಿಲೆಮೋನ್ ಮೆಟ್ರೊ ರೈಲಿನ ಟಿಕೆಟ್ ಕೌಂಟರಿನಲ್ಲಿ ಕೂತು ಕೂತು ನಿವೃತ್ತನಾದವನು. ಗಾಜಿನ ಹಿಂದೆ ಕೂತವನಿಗೆ ಲೋಕವೆಲ್ಲ ತನ್ನ ಮುಂದೆ ಸಾಲು ನಿಂತಿದೆ ಅನ್ನಿಸುವುದು ಸಹಜ. ಆ ಭ್ರಮೆ ಪಿಂಚಣಿಯ ಜೊತೆ ಅವನ ಮನೆಗೂ ಬಂದಿತ್ತು. ಈಗ ದಿನವಿಡೀ ಫೋನಿನಲ್ಲಿ ವಿಡಿಯೊ ನೋಡುತ್ತಿದ್ದ. ಗಡ್ಡ ಬಿಟ್ಟ ಹುಡುಗನೊಬ್ಬ ಜೋಲಿಯಲ್ಲಿ ಮಲಗಿಕೊಂಡು, ನಗರ ಬಿಡಿ, ಪುಟ್ಟ ಊರಿಗೆ ಹೋಗಿ, ಕಡಿಮೆ ಖರ್ಚಿನಲ್ಲಿ ರಾಜನ ಹಾಗೆ ಬಾಳಿ ಎಂದು ಉಪದೇಶ ಮಾಡುತ್ತಿದ್ದ. ಆ ಹುಡುಗ ಯಾವ ಊರಲ್ಲೂ ಒಂದು ಬಕೆಟ್ ನೀರು ಸೇದಿದವನಲ್ಲ ಎಂಬುದು ಅವನ ಅಂಗೈ ನೋಡಿದರೆ ಗೊತ್ತಾಗುತ್ತಿತ್ತು.

"ನೋಡು ಮುದುಕಿ, ಬಾಡಿಗೆ ಇಲ್ಲ," ಎಂದ ಫಿಲೆಮೋನ್. ಅವರಿಬ್ಬರೂ ಮದುವೆಯಾದ ವಾರದಿಂದಲೇ ಒಬ್ಬರನ್ನೊಬ್ಬರು ಮುದುಕ, ಮುದುಕಿ ಎಂದು ಕರೆಯುತ್ತಿದ್ದರು, ಅಲ್ಲಿ ಎಲ್ಲರೂ ಕರೆಯುವ ಹಾಗೆ. "ನಮ್ಮಪ್ಪನ ಮನೆ ಹಾಗೇ ಇದೆ. ಹಿತ್ತಲಲ್ಲೇ ಬೀನ್ಸು, ಹಿತ್ತಲಲ್ಲೇ ಮೆಣಸಿನಕಾಯಿ."

"ಬೆಳೆಯೋರು ಯಾರು?"

"ನಾನೇ."

"ಕುಂಡದಲ್ಲಿದ್ದ ಒಂದು ಪುದೀನ ಗಿಡಾನ ಸಾಯಿಸಿದವನು ನೀನು."

"ಅಲ್ಲಿ ಮಣ್ಣೇ ಬೇರೆ ಕಣೇ."

"ಮಣ್ಣು ಬೇರೆ ಇರಬಹುದು. ಸೊಂಟ ಇದೇ ತಾನೆ?"

ದೂರದ ಬೆಟ್ಟ ನುಣ್ಣಗೆ ಎನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅವಳು ನಗರದ ಹೊಟ್ಟೆಯಲ್ಲೇ ಹುಟ್ಟಿದವಳು. ಅಪ್ಪ ವ್ಯಾನು ಓಡಿಸುತ್ತಿದ್ದ, ಅಮ್ಮ ಮಾರುಕಟ್ಟೆಯಲ್ಲಿ ಕೋಳಿ ಕತ್ತರಿಸುತ್ತಿದ್ದಳು. ಹದಿನೈದಕ್ಕೆ ಚಿಕ್ಕಮ್ಮನ ಪಾರ್ಲರಿನಲ್ಲಿ ನೆಲದ ಕೂದಲು ಗುಡಿಸಲು ಸೇರಿದವಳು, ಇಪ್ಪತ್ತಾಗುವುದರೊಳಗೆ ಚಿಕ್ಕಮ್ಮನ ಗಿರಾಕಿಗಳನ್ನೇ ಎಳೆದುಕೊಂಡು ತನ್ನದೇ ಕುರ್ಚಿ ಹಾಕಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಜನರಿಂದಲೇ ಅವಳ ಅನ್ನ. ಆ ಜನರನ್ನು ಅವಳು ಪ್ರೀತಿಯಿಂದ ಬಯ್ಯುತ್ತಿದ್ದಳು, ಅವರು ಬೈಸಿಕೊಳ್ಳಲೆಂದೇ ಬರುತ್ತಿದ್ದರು. ಫಿಲೆಮೋನನೂ ಹಾಗೆಯೇ ಒಂದು ದಿನ ಕೂದಲು ಕತ್ತರಿಸಿಕೊಳ್ಳಲು ಬಂದು, ಬೈಸಿಕೊಂಡು, ಮತ್ತೆ ಮತ್ತೆ ಬಂದು, ಕೊನೆಗೆ ಹೋಗದೇ ಉಳಿದವನು. ಮಕ್ಕಳಾಗಲಿಲ್ಲ. ಆ ದುಃಖವನ್ನು ಅವಳು ಯಾರೆದುರೂ ಹೇಳಿಕೊಳ್ಳಲಿಲ್ಲ, ಅವನೂ ಕೇಳಲಿಲ್ಲ.

ಪ್ರತಿ ಜುಲೈ ತಿಂಗಳು ಊರ ಸಂತನ ಹಬ್ಬಕ್ಕೆ ಫಿಲೆಮೋನ್ ಒಬ್ಬನೇ ಹೋಗಿ ಬರುತ್ತಿದ್ದ. ಮೊದಮೊದಲು ಅವಳೂ ಚೀಲ ತುಂಬಿದ್ದುಂಟು. "ನಿನಗೆ ಒಗ್ಗಲ್ಲ ಮುದುಕಿ. ದಾರಿಯೆಲ್ಲ ತಿರುವು, ವಾಂತಿ ಮಾಡ್ಕೋತೀಯ," ಎನ್ನುತ್ತಿದ್ದ ಅವನು. ತಮ್ಮ ಅಬುಂದಿಯೊ ಸತ್ತ ಸುದ್ದಿ ಬಂದಾಗಲಂತೂ ಅವಳು ಕಪ್ಪು ಉಡುಪು ಇಸ್ತ್ರಿ ಮಾಡಿ ಇಟ್ಟಿದ್ದಳು. ಬೆಟ್ಟ ಕುಸಿದಿದೆ, ಬಸ್ಸಿಲ್ಲ ಎಂದು ಅವನೇ ಹೇಳಿದ. ಇಬ್ಬರೂ ಹೋಗಲಿಲ್ಲ. ಗಂಡನಿಗೆ ತನ್ನ ಮೇಲೆ ಅಷ್ಟು ಕಾಳಜಿ ಎಂದು ಅವಳು ತಿಳಿದಿದ್ದಳು. ಗಿರಾಕಿಗಳ ಮುಂದೆ ಹೇಳಿಕೊಂಡದ್ದೂ ಉಂಟು, ಪಾಪ.

ಈಗ ಅದೇ ಬಾಯಿ ಊರಿನ ತಂಪು ಗಾಳಿ, ಊರಿನ ಮನುಷ್ಯತ್ವ ಎಂದೆಲ್ಲ ಹಾಡುತ್ತಿತ್ತು. "ಹೋಗಿ ನೋಡ್ಕೊಂಡು ಬರೋಣ. ಆಮೇಲೆ ನೀನೇ ಹೇಳು," ಎಂದ. ನೋಡಿ ಬಂದು ಬೇಡ ಎನ್ನುವುದು ನೋಡದೇ ಬೇಡ ಎನ್ನುವುದಕ್ಕಿಂತ ಗಟ್ಟಿ ಎಂದು ಗ್ರಿಸೆಲ್ದಾ ಒಪ್ಪಿದಳು. ಬೇಡ ಎನ್ನಲೇ ಹೊರಟಿದ್ದಳು ಅವಳು.

ದಾರಿಯ ತಿರುವುಗಳ ವಿಷಯದಲ್ಲಿ ಮಾತ್ರ ಫಿಲೆಮೋನ್ ನಿಜ ಹೇಳಿದ್ದ. ವಾಂತಿ ಮಾಡಿಕೊಂಡವನು ಮಾತ್ರ ಅವನು.

ಸಾನ್ ಪಾಂತಾಲೆಯೋನ್ ಎಂದರೆ ಇಷ್ಟೇ: ಒಂದು ಇಗರ್ಜಿ, ಒಂದು ಬಾಸ್ಕೆಟ್‌ಬಾಲ್ ಅಂಗಳ, ಪಂಚಾಯಿತಿ ಕಟ್ಟಡ, ಇಳಿಜಾರಿನಲ್ಲಿ ಮನೆಗಳು, ಮನೆಗೊಂದರಂತೆ ಹಗಲೂ ರಾತ್ರಿ ಬೊಗಳುವ ನಾಯಿ. ಪಂಚಾಯಿತಿಯ ಮಾಡಿನ ಮೇಲೆ ಒಂದು ಧ್ವನಿವರ್ಧಕ ಇತ್ತು. ಸೂರ್ಯ ಹುಟ್ಟುವ ಮುಂಚೆಯೇ ಅದು ಕೆಮ್ಮಿ ಗಂಟಲು ಸರಿಮಾಡಿಕೊಂಡು ಯಾರ ಮನೆಯಲ್ಲಿ ಹಂದಿ ಕಡಿದಿದ್ದಾರೆ, ಯಾರ ಕತ್ತೆ ತಪ್ಪಿಸಿಕೊಂಡಿದೆ, ಇಂದು ನೀರಿನ ಪೈಪು ಹೂಳುವ ಬಿಟ್ಟಿ ಕೆಲಸಕ್ಕೆ ಯಾರ ಸರದಿ ಎಂದು ಊರಿಗೆಲ್ಲ ಸಾರುತ್ತಿತ್ತು. ಅವರು ಬಂದ ಮರುದಿನ ಅದು, "ಫಿಲೆಮೋನ್ ಬಂದಿದ್ದಾನೆ. ಹೆಂಡತೀನೂ ಬಂದಿದ್ದಾಳೆ," ಎಂದು ಎರಡು ಸಲ ಸಾರಿತು. ಎರಡನೆಯ ಸಲ ಹೆಂಡತಿಯ ಮೇಲೆ ಒತ್ತು ಬಿತ್ತು.

"ನಾನೇನು ತಪ್ಪಿಸಿಕೊಂಡ ಕತ್ತೆಯಾ?" ಎಂದಳು ಗ್ರಿಸೆಲ್ದಾ ಹಾಸಿಗೆಯಲ್ಲಿ ಎದ್ದು ಕೂತು.

"ಪ್ರೀತಿ ಕಣೇ. ಇಲ್ಲಿ ಎಲ್ರೂ ಎಲ್ಲರಿಗೂ ಬೇಕು," ಎಂದ ಫಿಲೆಮೋನ್.

ಅವರು ಉಳಿದುಕೊಂಡದ್ದು ಅಬುಂದಿಯೊನ ವಿಧವೆ, ಗ್ರಿಸೆಲ್ದಾಳಿಗೆ ವಾರಗಿತ್ತಿಯಾದ ದೆಲ್ಫಿನಾಳ ಮನೆಯಲ್ಲಿ. ದೆಲ್ಫಿನಾ ಕಡ್ಡಿಯ ಹಾಗಿದ್ದಳು, ಎರಡು ಜಡೆಯನ್ನು ರಿಬ್ಬನ್ನಿನಿಂದ ಕೂಡಿಸಿ ಬೆನ್ನಿಗೆ ಬಿಟ್ಟಿದ್ದಳು. ಕಾಫಿ ಕೊಟ್ಟಳು, ಬಿಸಿ ರೊಟ್ಟಿ ಕೊಟ್ಟಳು, ಕಪ್ಪು ಬೀನ್ಸು ಬಡಿಸಿದಳು. ಮಾತು ಮಾತ್ರ ಕೊಡಲಿಲ್ಲ. ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಗ್ರಿಸೆಲ್ದಾಳ ಕೆಂಪು ಬಣ್ಣದ ತಲೆಯನ್ನು ಹಿಂದಿನಿಂದಲೂ ಮುಂದಿನಿಂದಲೂ ನೋಡಿ, ತಮ್ಮ ಸಾಪೊತೆಕ್ ಭಾಷೆಯಲ್ಲಿ ಏನೋ ಹೇಳಿಕೊಂಡು ಹೋದರು. ಕೂದಲಿನ ವಿಷಯಕ್ಕೆ ನಗುತ್ತಿದ್ದಾರೆ ಎಂದುಕೊಂಡಳು ಗ್ರಿಸೆಲ್ದಾ. ಊರಿಗೆಲ್ಲ ಒಂದೇ ನಮೂನೆಯ ಜಡೆ, ಇವರು ನನ್ನ ತಲೆ ನೋಡಿ ನಗುವವರು ಎಂದು ಅವಳೂ ಒಳಗೊಳಗೇ ನಕ್ಕಳು. ಅಂಗಳದಲ್ಲಿ ಬ್ರೆಡ್ಡು ಸುಡುವ ದೊಡ್ಡ ಗೂಡು ಇತ್ತು. ಅದರೊಳಗೆ ಕೋಳಿ ಮೊಟ್ಟೆಗೆ ಕೂತಿತ್ತು. ಅಡುಗೆಗೆ ಮುಂಚೆಯೇ ಒಲೆಗೆ ಹೋಗಿ ಕೂರುವಷ್ಟು ವಿಧೇಯ ಕೋಳಿಗಳನ್ನು ಅವಳು ನಗರದಲ್ಲಿ ಕಂಡಿರಲಿಲ್ಲ.

ಆದರೂ ಅವಳು ಕಲ್ಲಲ್ಲ. ಫಿಲೆಮೋನನ ಅಪ್ಪನ ಮನೆ ನೋಡಲು ಹೋದಾಗ ಅವಳ ಮನಸ್ಸು ಒಂದು ಗಳಿಗೆ ಆಚೀಚೆಯಾಯಿತು. ಮಣ್ಣಿನ ಗೋಡೆ, ಹೆಂಚಿನ ಮಾಡು, ಮುಂದೆ ಉದ್ದನೆಯ ಜಗಲಿ. ಜಗಲಿಯಲ್ಲಿ ಬಿಸಿಲು ಬೀಳದೆ ಬೆಳಕು ಮಾತ್ರ ಬೀಳುತ್ತಿತ್ತು, ಕೂದಲಿನ ನಿಜವಾದ ಬಣ್ಣ ಕಾಣಿಸುವಂಥ ಬೆಳಕು. ಇಲ್ಲಿ ಕುರ್ಚಿ, ಇಲ್ಲಿ ಕನ್ನಡಿ, ಅಲ್ಲಿ ನೀರಿನ ಬೋಗುಣಿ ಎಂದು ಅವಳ ಕೈ ತಾನಾಗಿ ಜಾಗ ತೋರಿಸಿತು. ತಿಂಗಳು ಹುಟ್ಟಿದರೆ ಯಾರಿಗೂ ಏನೂ ಕೊಡಬೇಕಿಲ್ಲ. ಯೊಲಾಂಡಾಳ ಕೋಣೆಗೆ ಕಿಟಕಿಯೇ ಇರಲಿಲ್ಲ. ಅಷ್ಟು ವರ್ಷ ದುಡಿದವಳಿಗೆ ಸ್ವಂತದ್ದೊಂದು ಬಾಗಿಲು ಬೇಕು ಅನ್ನಿಸಿದರೆ ಅದೇನು ತಪ್ಪಲ್ಲ. ತನಗೆ ಆಸೆಯಾಗುತ್ತಿದೆ ಎಂದು ಗೊತ್ತಾಗಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಶನಿವಾರ ಮಧ್ಯಾಹ್ನ ಫಿಲೆಮೋನ್ ಹಳೆಯ ಗೆಳೆಯರ ಜೊತೆ ಮೆಸ್ಕಾಲ್ ಕುಡಿಯಲು ಹೋದ. ಗ್ರಿಸೆಲ್ದಾ ಅಡುಗೆಮನೆಯಲ್ಲಿ ದೆಲ್ಫಿನಾಳ ಜೊತೆ ಜೋಳದ ಹಿಟ್ಟಿನ ಮುಂದೆ ಕೂತಳು. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ಕೈಗೆ ಹಿಟ್ಟು ಅಂಟಿಸಿಕೊಂಡು, ರೊಟ್ಟಿ ತಟ್ಟಿದಳು. ಅದು ಯಾವ ಆಕಾರಕ್ಕೂ ಬರಲಿಲ್ಲ.

ದೆಲ್ಫಿನಾ ಅದನ್ನು ಒಂದು ಕ್ಷಣ ನೋಡಿ, ಮೊದಲ ಸಲ ಬಾಯಿ ಬಿಟ್ಟಳು. "ಅಂತೂ ಕೊನೆಗೆ ಅವರಿಗೆ ರಜ ಕೊಟ್ರಾ ಅಕ್ಕ?"

"ಯಾರಿಗೆ? ಏನು ರಜ?"

"ಭಾವನಿಗೆ. ಊರಿಗೆ ಬರೋಕೆ ಬಿಟ್ರಲ್ಲ ಅಂದೆ."

"ನಾನ್ಯಾಕೆ ತಡೀಲಿ? ಪ್ರತಿ ವರ್ಷ ಹಬ್ಬಕ್ಕೆ ಬಂದು ಕುಣಿದು ಹೋಗ್ತಿದ್ನಲ್ಲ."

"ಕುಣಿಯೋಕೆ ಬರ್ತಿದ್ರು. ಊರ ಚಾಕರಿಗೆ ಹೆಸರು ಕೂಗಿದಾಗ ಮಾತ್ರ ನೀವು ಬಿಡ್ತಿರಲಿಲ್ಲ." ದೆಲ್ಫಿನಾ ಗ್ರಿಸೆಲ್ದಾ ತಟ್ಟಿದ ರೊಟ್ಟಿಯನ್ನು ಎತ್ತಿ ಹಂಚಿನ ಮೇಲೆ ಹಾಕಿದಳು. "ಮೊದಲನೇ ಸಲ ನೀವು ಬಸುರಿ, ಮೈ ಸರಿಯಿಲ್ಲ ಅಂತ ಹೇಳಿ ಕಳಿಸಿದ್ರು. ಎರಡನೇ ಸಲ ನಿಮಗೆ ನರದ ಕಾಯಿಲೆ, ಒಬ್ಬರನ್ನೇ ಬಿಟ್ರೆ ಏನಾದ್ರೂ ಮಾಡ್ಕೋತೀರಿ ಅಂತ. ಆಮೇಲೆ ಕಾಯಿಲೆ ಹೇಳೋದೂ ಬಿಟ್ರು. 'ಹೆಂಡತಿ ಒಪ್ಪಲ್ಲ, ಆದಿವಾಸಿಗಳ ಊರಿಗೆ ಹೋದ್ರೆ ಬಾಗಿಲು ಹಾಕ್ತೀನಿ ಅಂತಾಳೆ' ಅಂದ್ರು. ಹಾಗಂದಿದ್ದು ನಗರದಲ್ಲಿ ನಮ್ಮೂರಿನವರು ಭಾನುವಾರ ಸೇರ್ತಾರಲ್ಲ, ಆ ಸಭೇಲಿ. ಅಲ್ಲಿಂದ ಇಲ್ಲಿಗೆ ಬರೋಕೆ ಎಷ್ಟು ಹೊತ್ತು?"

ಗ್ರಿಸೆಲ್ದಾ ಕೈಗಂಟಿದ ಹಿಟ್ಟನ್ನು ಉಜ್ಜಿ ತೆಗೆಯತೊಡಗಿದಳು. ಅವಳು ಬಸುರಿಯಾದದ್ದೇ ಇಲ್ಲ. ಆ ಆಸೆಯನ್ನೂ ಅವನು ಒಂದು ನೆಪಕ್ಕೆ ಬಳಸಿಕೊಂಡಿದ್ದ. ಅದರಿಂದ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು.

"ಅಬುಂದಿಯೊ ಏನಂದ?" ಎಂದು ಕೇಳಿದಳು.

"ಅವರೇನಂತಾರೆ? ಮನೆಯಿಂದ ಯಾರಾದರೂ ಊರ ಚಾಕರಿಯ ಕೋಲು ಹಿಡೀಬೇಕು, ಇಲ್ದಿದ್ರೆ ಅಪ್ಪನ ಜಾಗ ಊರಿಗೆ ಹೋಗತ್ತೆ. ತಮ್ಮ ಸರದಿ ಮುಗಿಸಿದ್ರು, ಅಣ್ಣನ ಬದಲಿಗೆ ಇನ್ನೊಂದು ವರ್ಷ ನಿಂತ್ರು. ಸಂಬಳ ಇಲ್ಲ, ಗೊತ್ತಲ್ಲ. ಹಗಲು ಪಂಚಾಯಿತಿ, ರಾತ್ರಿ ಕಾವಲು. ಗೂಡು ಆರಿಹೋಯ್ತು. ಬ್ರೆಡ್ಡಿನ ಗಿರಾಕಿಗಳು ಕೆಳಗಿನ ಊರಿಗೆ ಹೋದ್ರು, ತಿರುಗಿ ಬರಲಿಲ್ಲ. ಆ ವರ್ಷದ ಹಬ್ಬಕ್ಕೂ ಭಾವ ಬಂದಿದ್ರು. ಕುಡಿದು ಬಿದ್ದವರನ್ನ ಎತ್ತಿ ಒಳಗೆ ಹಾಕೋದು ಕೋಲು ಹಿಡಿದವರ ಕೆಲಸ. ಅಣ್ಣನ್ನ ತಮ್ಮನೇ ಹೆಗಲ ಮೇಲೆ ಹಾಕ್ಕೊಂಡು ಹೋದ್ರು." ದೆಲ್ಫಿನಾ ರೊಟ್ಟಿ ಮಗುಚಿದಳು. "ಅವರು ಸತ್ತ ವರ್ಷವೂ ಭಾವನ ಹೆಸರು ಕೂಗಿದ್ರು. ಅದಕ್ಕೇ ಮಣ್ಣಿಗೂ ಬರಲಿಲ್ಲ. ನೀವು ಬಿಡಲಿಲ್ಲ ಅಂತ ಸುದ್ದಿ ಬಂತು. ನಾನು ನಿಮಗೆ ಹಾಕಿದ ಶಾಪ ಒಂದೆರಡಲ್ಲ ಅಕ್ಕ."

"ಹಾಕಿದ್ದು ಹಾಕಿದೀಯ. ವಿಳಾಸ ಸರಿಮಾಡು," ಎಂದಳು ಗ್ರಿಸೆಲ್ದಾ. "ನನ್ನನ್ನ ಅವನು ಒಂದು ಸಲ, ಒಂದೇ ಒಂದು ಸಲ ಹೋಗ್ಲಾ ಅಂತ ಕೇಳಿದ್ದೇ ಆಗಿದ್ರೆ ನನ್ನ ಕೈ ಬಿದ್ದುಹೋಗ್ಲಿ."

ದೆಲ್ಫಿನಾ ಅವಳ ಮುಖ ನೋಡಿದಳು. ಆಮೇಲೆ ಆಕಾರವಿಲ್ಲದ ಆ ರೊಟ್ಟಿಯನ್ನು ತೆಗೆದುಕೊಂಡು, ಉಪ್ಪು ಸವರಿ, ತಾನೇ ತಿಂದಳು.

ಸಂಜೆ ಫಿಲೆಮೋನ್ ಮೆಸ್ಕಾಲಿನ ಸಂತೋಷದಲ್ಲಿ ಬಂದ. ಗ್ರಿಸೆಲ್ದಾ ಏನೂ ಕೇಳಲಿಲ್ಲ. ಮನೆಯೊಳಗೆ ಕೇಳಿದರೆ ಮನೆಯೊಳಗಿನ ಸುಳ್ಳೇ ಸಿಗುತ್ತದೆ ಎಂದು ಅವಳಿಗೆ ಈಗ ಗೊತ್ತಿತ್ತು.

"ನಾಳೆ ಊರ ಸಭೆ ಇದೆ," ಎಂದ ಅವನು, ಬೂಟಿಗೆ ಪಾಲಿಶ್ ಹಾಕುತ್ತ. "ನನ್ನ ಮನೆಯ ವಿಷಯ ಎತ್ತಬೇಕು. ನಾಲ್ಕು ಮಾತೂ ಆಡ್ತೀನಿ. ಇವರಿಗೆ ಆಡಳಿತ ಗೊತ್ತಿರೋರು ಯಾರೂ ಇಲ್ಲ ನೋಡು. ಯಾರಿಗೆ ಗೊತ್ತು, ಏನಾದ್ರೂ ದೊಡ್ಡ ಜವಾಬ್ದಾರಿ ಕೊಟ್ರೂ ಕೊಟ್ರು."

"ಕೊಡ್ಲಿ ಬಿಡು," ಎಂದಳು ಗ್ರಿಸೆಲ್ದಾ. "ಯೋಗ್ಯತೆ ನೋಡಿ ಕೊಡ್ತಾರೆ."

ಭಾನುವಾರ ಪೂಜೆ ಮುಗಿದ ಮೇಲೆ ಪಂಚಾಯಿತಿ ಹಜಾರದಲ್ಲಿ ಸಭೆ ಸೇರಿತು. ಗಂಡಸರು ಬೆಂಚುಗಳ ಮೇಲೆ, ಹೆಂಗಸರು ಹಿಂದಿನ ಗೋಡೆಗೆ ಒರಗಿ. ಗ್ರಿಸೆಲ್ದಾ ದೆಲ್ಫಿನಾಳ ಪಕ್ಕ ಕೂತಳು. ಊರ ಅಧ್ಯಕ್ಷ ದೋನ್ ಎವೊದಿಯೊ ಕುಳ್ಳ, ಹೊಲದ ಮಣ್ಣು ಉಗುರಿನಿಂದ ಹೋಗದ ಮನುಷ್ಯ. ಅವನು ನೀರಿನ ಪೈಪು, ಶಾಲೆಯ ಮಾಡು ಎಲ್ಲ ಮುಗಿಸಿ ಫಿಲೆಮೋನನ ಕಡೆ ಕೈ ಮಾಡಿದ.

ಫಿಲೆಮೋನ್ ಎದ್ದ. ಎದ್ದವನು ಕೂರಲೇ ಇಲ್ಲ. ತಾನು ರಾಜಧಾನಿಯಲ್ಲಿ ಇಡೀ ಆಯುಷ್ಯ ಸಾರ್ವಜನಿಕ ಆಡಳಿತದಲ್ಲಿ ಕಳೆದವನು ಎಂದ. ಟಿಕೆಟ್ ಹರಿದದ್ದಕ್ಕೆ ಆ ಹೆಸರೂ ಇದೆ ಎಂದು ಗ್ರಿಸೆಲ್ದಾಳಿಗೆ ಅಂದೇ ಗೊತ್ತಾದದ್ದು. ಊರಿನ ಗೋಡೆಗಳಿಗೆಲ್ಲ ಬಣ್ಣ ಹೊಡೆಯಬೇಕು, ಪ್ರವಾಸಿಗಳಿಗೆ ಮರದ ಮನೆ ಕಟ್ಟಬೇಕು, ಧ್ವನಿವರ್ಧಕದಲ್ಲಿ ಸಂಗೀತ ಹಾಕಬೇಕು, ಜನರಲ್ಲಿ ಶಿಸ್ತು ಬರಬೇಕು ಎಂದ. ಇನ್ನು ಮೇಲೆ ತಾನು ಈ ಊರಿನವನೇ, ಈ ಮಣ್ಣಿನ ಮಗನೇ, ಊರು ಏನು ಹೇಳಿದರೂ ತಲೆಬಾಗುವುದಾಗಿ ಎದೆ ಮುಟ್ಟಿಕೊಂಡು ಹೇಳಿದ. ಜನ ಅಡ್ಡ ಮಾತಾಡದೆ, ಮಳೆ ನಿಲ್ಲಲು ಕಾಯುವವರ ಹಾಗೆ ಕಾದರು.

"ಸಂತೋಷ ಫಿಲೆಮೋನ್," ಎಂದ ದೋನ್ ಎವೊದಿಯೊ. "ದುಡಿಯೋ ಆಸೆ ಇದೆ ಅಂದೆ. ಸಭೆಯೂ ಅದನ್ನೇ ಯೋಚಿಸಿದೆ. ಜನವರಿಯಿಂದ ನೀನು ತೋಪಿಲ್. ಈಗೊಬ್ಬ ಹುಡುಗ ಕಾಲು ಮುರ್ಕೊಂಡಿದಾನೆ, ಅದಕ್ಕೆ ನಾಳೆಯಿಂದಲೇ ಬಂದ್ರೂ ಆಗತ್ತೆ."

ಬೆಂಚುಗಳ ಮೇಲೆ ಸಣ್ಣಗೆ ನಗು ಹರಿಯಿತು. ತೋಪಿಲ್ ಎಂದರೆ ಊರ ಚಾಕರಿಯ ತೀರಾ ಕೆಳಗಿನ ಮೆಟ್ಟಿಲು. ಮೀಸೆ ಚಿಗುರುವ ವಯಸ್ಸಿನ ಹುಡುಗರು ಆ ಕೋಲು ಹಿಡಿದು ಪಂಚಾಯಿತಿ ಗುಡಿಸುತ್ತಾರೆ, ಮನೆಮನೆಗೆ ಕರೆ ಒಯ್ಯುತ್ತಾರೆ, ಕುಡುಕರನ್ನು ಎಳೆಯುತ್ತಾರೆ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ, ತಲೆ ಹಣ್ಣಾದ ಮೇಲೆ ಅಧ್ಯಕ್ಷನಾಗುವುದು. ಮೆಟ್ಟಿಲು ಹಾರಿದವರು ಆ ಊರಲ್ಲಿ ಒಬ್ಬರೂ ಇಲ್ಲ.

"ದೋನ್ ಎವೊದಿಯೊ, ತಮಾಷೆ ಮಾಡ್ಬೇಡಿ," ಎಂದ ಫಿಲೆಮೋನ್. ಕಿವಿ ಕೆಂಪಾಗಿತ್ತು. "ನನಗೆ ಅರವತ್ತೊಂದು. ಹುಡುಗರ ಜೊತೆ ಕಸ ಗುಡಿಸಲಾ?"

"ಹದಿನೆಂಟಕ್ಕೆ ಗುಡಿಸಿದ್ರೆ ಈಗ ಗುಡಿಸ್ಬೇಕಾಗ್ತಿರಲಿಲ್ಲ."

"ನನ್ನ ಪರವಾಗಿ ನನ್ನ ತಮ್ಮ ಮಾಡಿದಾನಲ್ಲ!"

ದೆಲ್ಫಿನಾ ತಲೆ ಎತ್ತಲಿಲ್ಲ. "ಅವನು ಅಪ್ಪನ ಜಾಗ ಉಳಿಸೋಕೆ ಮಾಡಿದ," ಎಂದ ದೋನ್ ಎವೊದಿಯೊ, ದನಿ ಏರಿಸದೆ. "ಸತ್ತವನ ಬೆವರನ್ನ ನಿನ್ನ ಹೆಸರಿಗೆ ಹಾಕೋಕಾಗಲ್ಲ. ಕೋಲು ಹಿಡಿದ್ರೆ ಮನೆ ನಿಂದು. ಇಲ್ದಿದ್ರೆ ಊರಿಂದು."

ಆಗ ಫಿಲೆಮೋನ್ ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದ. ಕುತ್ತಿಗೆ ಬಗ್ಗಿಸಿ, ದನಿಯಲ್ಲಿ ದುಃಖ ತಂದುಕೊಂಡ. "ನಾನು ತಯಾರಿದೀನಿ, ಸಂತನಾಣೆ. ಏನು ಮಾಡ್ಲಿ, ನನ್ನ ಹೆಂಡತಿ... ಇಲ್ಲಿನ ಎತ್ತರ ಅವಳ ಎದೆಗೆ ಆಗ್ತಿಲ್ಲ. ಊರೂ ಹಿಡಿಸಿಲ್ಲ. ಅವಳು ಒಪ್ಪಲ್ಲ." ಹಾಗೆ ಹೇಳಿ ಹಿಂದಿನ ಗೋಡೆಯ ಕಡೆ ತಿರುಗಿ, ನಗರದ ಮನೆಯಲ್ಲಿ ಉಪ್ಪು ಕೇಳುವಾಗಿನ ಸಲುಗೆಯಲ್ಲಿ ಅವಳಿಗೆ ಕಣ್ಣಲ್ಲೇ ಸನ್ನೆ ಮಾಡಿದ.

ಎಲ್ಲರ ತಲೆಯೂ ಅವಳ ಕಡೆ ತಿರುಗಿತು. ಗ್ರಿಸೆಲ್ದಾ ಎದ್ದು ನಿಂತಳು. ಬೇಡ ಎನ್ನಲೆಂದೇ ಅವಳು ಬಂದದ್ದು. ಆದರೆ ಬೇಡ ಎಂದರೆ ಅವನು ಇಷ್ಟು ವರ್ಷ ಹೇಳಿದ ಸುಳ್ಳೆಲ್ಲ ಅವಳ ಬಾಯಿಂದಲೇ ನಿಜವಾಗುತ್ತದೆ. ಬೇಕು ಎಂದರೆ, ಒಂದು ಸುಳ್ಳನ್ನು ಸುಳ್ಳು ಮಾಡಲು ಉಳಿದ ಆಯುಷ್ಯವನ್ನು ಆ ಧ್ವನಿವರ್ಧಕದ ಕೆಳಗೆ ಕಳೆಯಬೇಕು. ಜಗಲಿಯ ಬೆಳಕು ನೆನಪಾಯಿತು. ಆ ಜಗಲಿ ಉಳಿದದ್ದು ಯಾರ ಗೂಡು ಆರಿದ್ದರಿಂದ ಎನ್ನುವುದೂ ನೆನಪಾಯಿತು.

"ಫಿಲೆಮೋನ್," ಎಂದಳು. ಮುದುಕ ಎನ್ನಲಿಲ್ಲ. "ನನ್ನನ್ನ ಕೇಳು."

"ಏನು ಕೇಳೋದು?"

"ಈ ಊರಲ್ಲಿ ಇರ್ತೀಯಾ ಅಂತ. ಮದುವೆಯಾದಾಗಿಂದ ನಾನು ಒಪ್ಪಲ್ಲ ಅಂತ ಇವರಿಗೆಲ್ಲ ಹೇಳಿದೀಯಲ್ಲ. ಯಾವತ್ತು ಕೇಳಿದ್ದೆ? ಈಗ ಕೇಳು, ಇವರೆಲ್ಲ ಕೇಳಿಸ್ಕೊಳ್ಳಲಿ."

ಫಿಲೆಮೋನ್ ಅತ್ತ ಇತ್ತ ನೋಡಿದ. ಗಾಜಿನ ಕೌಂಟರ್ ಇರಲಿಲ್ಲ. "ಇರ್ತೀಯಾ?" ಎಂದ, ಗೊಣಗಿದ ಹಾಗೆ.

"ಇಲ್ಲ," ಎಂದಳು ಗ್ರಿಸೆಲ್ದಾ. "ನಿಮ್ಮೂರು ನನಗೆ ಹಿಡಿಸಲಿಲ್ಲ, ಕ್ಷಮಿಸಿ. ಬೆಳಗಾಗೋ ಮುಂಚೆ ಹಂದಿ ಸುದ್ದಿ ನನಗೆ ಬೇಡ. ನಾಯಿಗಳು ನಿದ್ದೆ ಮಾಡಲ್ಲ, ಕಾಫಿಗೆ ಸಕ್ಕರೆ ಸುರೀತೀರಿ. ಇದು ನಾನು ಹೇಳ್ತಿರೋದು, ಮೊದಲನೇ ಸಲ. ಇದಕ್ಕೆ ಮುಂಚೆ ನನ್ನ ಹೆಸರಲ್ಲಿ ಬಂದಿದ್ದೆಲ್ಲ ಇವನ ಮಾತು. ನಾನು ಬಸುರೀನೂ ಆಗಿರಲಿಲ್ಲ, ನರವೂ ಕೆಟ್ಟಿರಲಿಲ್ಲ. ಮೈದುನ ಸತ್ತಾಗ ಕಪ್ಪು ಬಟ್ಟೆ ಇಸ್ತ್ರಿ ಮಾಡಿ ಕಾದಿದ್ದೆ, ಬೆಟ್ಟ ಕುಸಿದಿದೆ ಅಂದ. ನಾನು ಯಾರನ್ನೂ ಕಟ್ಟಿ ಹಾಕಿಲ್ಲ. ನಾನು ಹೋಗ್ತೀನಿ. ಇವನನ್ನ ನೀವು ಇಟ್ಕೊಳ್ಳಿ."

"ಗಂಡ ಇಲ್ಲಿ, ಹೆಂಡತಿ ಅಲ್ಲಿ..." ಎಂದು ದೋನ್ ಎವೊದಿಯೊ ತಲೆ ಕೆರೆದುಕೊಂಡ. "ಅದು ಹೇಗಮ್ಮಾ?"

"ನಿಮ್ಮ ಗಂಡಸರು ಗಡಿ ದಾಟಿ ಉತ್ತರಕ್ಕೆ ಹೋಗಿ ವರ್ಷಗಟ್ಟಲೆ ಕೂತ್ಕೊಳ್ಳಲ್ವಾ? ಆಗ 'ಅದು ಹೇಗೆ' ಅಂತ ಹೆಂಗಸರನ್ನ ಯಾರಾದ್ರೂ ಕೇಳಿದ್ರಾ?"

ಹಿಂದಿನ ಗೋಡೆಯುದ್ದಕ್ಕೂ ಹೆಂಗಸರು ನಕ್ಕರು. ಈ ಸಲ ಅವರ ನಗು ಅವಳಿಗೆ ಅರ್ಥವಾಯಿತು. ಫಿಲೆಮೋನ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಾನೂ ಬರ್ತೀನಿ ಮುದುಕಿ. ಯೊಲಾಂಡಾನ ಕೋಣೇಲಿ ಹೇಗೋ..." ಎಂದ.

"ಅಲ್ಲಿ ಒಂದೇ ಮಂಚ. ನಿನಗಿಲ್ಲಿ ಬಾಡಿಗೆ ಇಲ್ಲ, ಹಿತ್ತಲಲ್ಲೇ ಬೀನ್ಸಿದೆ. ರಾಜನ ಹಾಗೆ ಬಾಳು."

ಮರುದಿನ ಬೆಳಿಗ್ಗೆ ವ್ಯಾನು ಇಗರ್ಜಿಯ ಮುಂದೆ ನಿಂತಿತ್ತು. ಹೊರಗಿನವರ ಸಾಮಾನನ್ನು ವ್ಯಾನಿನವರೆಗೆ ಹೊರುವುದು ತೋಪಿಲ್‌ನ ಕೆಲಸ. ಫಿಲೆಮೋನ್ ಒಂದು ಕೈಯಲ್ಲಿ ಅವಳ ಸೂಟ್‌ಕೇಸು, ಇನ್ನೊಂದರಲ್ಲಿ ಕೋಲು ಹಿಡಿದು ಏದುಸಿರು ಬಿಡುತ್ತ ಏರಿ ಬಂದ. ಅವನ ಹಿಂದೆ ಉಳಿದ ತೋಪಿಲ್‌ಗಳು, ಅವನ ಮೊಮ್ಮಕ್ಕಳ ವಯಸ್ಸಿನವರು, ಗಂಭೀರವಾಗಿರಲು ಹೆಣಗಾಡುತ್ತಿದ್ದರು. ದೆಲ್ಫಿನಾ ದಾರಿಗೆಂದು ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಕೊಟ್ಟು, ಅವಳ ಕೆಂಪು ಕೂದಲನ್ನು ಒಮ್ಮೆ ಮುಟ್ಟಿ ನೋಡಿ ಕೆಳಗಿಳಿದು ಹೋದಳು. ಎಕಾತೆಪೆಕ್‌ನಲ್ಲಿ ಕಿಟಕಿಯಿಲ್ಲದ ಕೋಣೆ ಕಾಯುತ್ತಿತ್ತು. ಅಲ್ಲಿ ತನಗೆ ಸುಖವಿಲ್ಲ ಎಂದು ಗ್ರಿಸೆಲ್ದಾಳಿಗೆ ಚೆನ್ನಾಗಿ ಗೊತ್ತಿತ್ತು. ಭಯವೂ ಇತ್ತು.

ಸೂಟ್‌ಕೇಸು ವ್ಯಾನಿನ ಮೇಲೇರಿತು. ಫಿಲೆಮೋನ್ ಬಾಗಿಲು ಹಿಡಿದು ನಿಂತೇ ಇದ್ದ. ಒಂದೇ ದಿನದಲ್ಲಿ ಅವನ ಮುಖ ಜೋತುಬಿದ್ದಿತ್ತು. ಅವಳಿಗೆ ಅಯ್ಯೋ ಅನ್ನಿಸಿತು, ಅನ್ನಿಸಿದ್ದಕ್ಕೆ ಬೇಸರವೂ ಆಯಿತು.

"ಒಂದು ಇಡೀ ವರ್ಷ ಗ್ರಿಸೆ," ಎಂದ ಅವನು. "ಒಬ್ಬನೇ ಹೇಗೆ ಕಳೀಲಿ?"

"ನಿನ್ನ ತಮ್ಮನ್ನ ಕೇಳು," ಎಂದಳು ಗ್ರಿಸೆಲ್ದಾ. "ಇಗರ್ಜಿ ಹಿಂದೇನೇ ಮಲಗಿದಾನೆ. ಬಂದಾಗಿಂದ ನೀನಿನ್ನೂ ಆ ಕಡೆ ಹೋಗಿಲ್ಲ."